ಗಾಳಿ ತಾಗದಂತೆ

“ಇಟ್ಕೊಳ್ಳೋದಾ, ಸುಡೋದಾ, ಒಂದಕ್ಕೆ ಗುರುತು ಹಾಕಿ ಸಹಿ ಮಾಡಿ. ಅಷ್ಟೇ ಕೆಲಸ,” ಎಂದು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಹಾಳೆಯನ್ನು ಮುಂದೆ ಸರಿಸಿದ.

“ಸುಟ್ಟುಬಿಡಿ. ಪೀಡೆ ತೊಲಗಲಿ,” ಎಂದಳು ಅಮ್ಮ, ಕುರ್ಚಿಯಲ್ಲಿ ಕೂರುವ ಮೊದಲೇ.

ಮಗಳು ಪೆನ್ನಿನ ಮುಚ್ಚಳ ತೆಗೆದಳು. ಅವಳು ಬಂದದ್ದೂ ಅದಕ್ಕೇ. ವರ್ಷದ ಹಿಂದೆ ಗಂಡನಿಗೆ ಗಂಟಲು ನೋವು ಬಂದಿತ್ತು. ಉಪ್ಪುನೀರು ಮುಕ್ಕಳಿಸಲಿ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಐದನೆಯ ದಿನ ಕತ್ತಿನ ಒಂದು ಬದಿ ಊದಿತು. ಗಂಟಲಲ್ಲಿದ್ದ ಕ್ರಿಮಿ ಕತ್ತಿನ ರಕ್ತನಾಳಕ್ಕೆ ಇಳಿದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿತ್ತು. ಒಂಬತ್ತನೆಯ ದಿನ ಅವನಿರಲಿಲ್ಲ. ಈ ಕ್ರಿಮಿ ಅಪರೂಪದ್ದು, ವಿದ್ಯಾರ್ಥಿಗಳಿಗೆ ತೋರಿಸಲು ಲ್ಯಾಬಿನಲ್ಲಿ ಒಂದು ವರ್ಷ ಇಟ್ಟುಕೊಳ್ಳುತ್ತೇವೆ ಎಂದು ಆಸ್ಪತ್ರೆಯವರು ಕೇಳಿದ್ದರು. ಆಗಲೂ ಸಹಿ ಹಾಕಿದ್ದಳು, ಓದದೆ. ಆ ವರ್ಷ ಈಗ ಮುಗಿದಿತ್ತು.

“ಒಂದ್ಸಲ ನೋಡಬಹುದಾ?”

ಟೆಕ್ನಿಷಿಯನ್ ಬಿಗಿಯಾಗಿ ಮುಚ್ಚಿದ ಗಾಜಿನ ಜಾಡಿಯೊಂದನ್ನು ತಂದಿಟ್ಟ. ಒಳಗೆ ಕ್ರಿಮಿ ಬೆಳೆಸುವ ಪುಟ್ಟ ಕೆಂಪು ತಟ್ಟೆಗಳು.

“ಇನ್ನೂ ಜೀವ ಇದೆಯಾ?”

“ಇಲ್ದೆ ಏನು! ಸಾಕೋದೇ ದೊಡ್ಡ ಫಜೀತಿ. ಗಾಳಿ ತಾಗಿದ್ರೆ ಸತ್ತುಹೋಗುತ್ತೆ, ಊಟಕ್ಕೆ ರಕ್ತವೇ ಬೇಕು, ಯಾವಾಗ್ಲೂ ಬೆಚ್ಚಗಿರ್ಬೇಕು. ನಾವಿಲ್ಲಿ ಇದನ್ನ ‘ಅಳಿಯ’ ಅಂತೀವಿ. ಉಪಚಾರ ಒಂಚೂರು ಕಮ್ಮಿ ಆದ್ರೆ...” ಅಮ್ಮನ ಮುಖ ಕಂಡು ಅವನು ನಾಲಿಗೆ ಕಚ್ಚಿಕೊಂಡ.

“ಅವರ ರಕ್ತದಲ್ಲಿ ಇದ್ದದ್ದು ಇದೇನಾ?” ಮಗಳು ಕೇಳಿದಳು.

“ಅದರ ಮರಿ, ಮೊಮ್ಮರಿ ಅನ್ನಿ. ವಾರಕ್ಕೊಂದ್ಸಲ ಹೊಸ ತಟ್ಟೆಗೆ ಹಾಕ್ತೀವಿ.” ಅವನ ದನಿ ತಗ್ಗಿತ್ತು. “ಮೊದಲು ಬೆಳೆದದ್ದು ಅವರ ರಕ್ತದಲ್ಲೇ.”

ಅವಳು ಗಾಜಿನ ಹತ್ತಿರ ಬಗ್ಗಿದಳು. ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳು. ಮನೆಯಲ್ಲಿ ಅವನ ಕನ್ನಡಕವಿತ್ತು, ಚಪ್ಪಲಿಯಿತ್ತು, ಪುಟ ಮಡಿಸಿಟ್ಟ ಪುಸ್ತಕವಿತ್ತು. ಬೆಳೆಯುವಂಥದ್ದು ಏನೂ ಇರಲಿಲ್ಲ. ಜಾಡಿ ಭದ್ರವಾಗಿ ಮುಚ್ಚಿದ್ದರೂ ಅವಳು ಉಸಿರು ಬಿಗಿಹಿಡಿದಿದ್ದಳು.

ಆಮೇಲೆ ನೆಟ್ಟಗೆ ನಿಂತು, ‘ಇಟ್ಟುಕೊಳ್ಳುವುದು’ ಎಂಬುದಕ್ಕೆ ಗುರುತು ಹಾಕಿದಳು.

“ಹುಚ್ಚೀ, ಅವನನ್ನ ತಿಂದದ್ದು ಕಣೇ ಅದು!”

“ಗೊತ್ತಮ್ಮ.”

ಅಮ್ಮ ಚೀಲ ಎತ್ತಿಕೊಂಡು ದುಡುದುಡು ಬಾಗಿಲಿಗೆ ನಡೆದಳು. ಹಿಡಿಕೆಯ ಮೇಲೆ ಕೈಯಿಟ್ಟವಳು ಹಾಗೇ ನಿಂತಳು. ತಿರುಗಿ ನೋಡದೆ ಟೆಕ್ನಿಷಿಯನ್‌ನನ್ನು ಕೇಳಿದಳು:

“ವಾರ ತಪ್ಪದೆ ಬಡಿಸ್ತೀರಿ ತಾನೆ?”