ಖಾಲಿ ಸಾಲು

"ಅಕ್ಕಾ, ವೆಂಟಿಲೇಟರ್ ಕೆಟ್ಟು ಕೂತಿದೆ! ಪೇಷಂಟಿಗೆ ಕೈಯಲ್ಲೇ ಬ್ಯಾಗ್ ಒತ್ತಿ ಉಸಿರು ಕೊಡ್ತಾ ಇದ್ದೀನಿ," ಎಂದು ನರ್ಸ್ ಆಗಿದ್ದ ತಮ್ಮ ಫೋನಿನಲ್ಲಿ ಕೂಗಿದ.

ಆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ಕರ್ನಲ್, ಅಕ್ಕನದೇ ಕೈಕೆಲಸ. ಪ್ರೋಗ್ರಾಮುಗಳು ಕರ್ನಲ್ಲಿಗೆ ಕೆಲಸದ ಹೆಸರು ಹೇಳುವುದಿಲ್ಲ, ಕೆಲಸಗಳ ಪಟ್ಟಿಯಲ್ಲಿ ಅದು ಎಷ್ಟನೇ ಸಾಲು ಎಂಬ ನಂಬರ್ ಹೇಳಿ ಕೇಳುತ್ತವೆ. ನಿನ್ನೆ ಆ ಪಟ್ಟಿಯನ್ನು ಓರಣ ಮಾಡುವಾಗ ಮೂವತ್ತೇಳನೇ ಸಾಲು ಖಾಲಿ ಕಂಡಿತು. ಕಸವೆಂದು ಅಳಿಸಿ, ಹೊಸ ಪಟ್ಟಿಯನ್ನು ಯಂತ್ರಕ್ಕೆ ಕಳಿಸಿದ್ದಳು. ಕೆಳಗಿನ ಸಾಲುಗಳೆಲ್ಲ ಒಂದೊಂದು ಮೇಲಕ್ಕೆ ಸರಿದಿದ್ದವು. ಈಗ ಗಾಳಿ ಬಿಡು ಎಂದು ಕೇಳಿದರೆ ಯಂತ್ರ ಗಾಳಿಯ ದಾರಿ ಮುಚ್ಚುತ್ತಿತ್ತು.

ಖಾಲಿ ಸಾಲನ್ನು ಮತ್ತೆ ಸೇರಿಸಿ ಕಳಿಸಿದಳು. ಯಂತ್ರ ತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ಕಳಿಸಿದಳು. ಆಗ ಹೊಳೆಯಿತು: ತಿದ್ದುಪಡಿ ತೆಗೆದುಕೊಳ್ಳುವ ಕೆಲಸವೂ ಆ ಸಾಲಿನ ಕೆಳಗೇ ಇತ್ತು. ಅದರ ನಂಬರೂ ಸರಿದಿತ್ತು; ದೂರದಿಂದ ಇನ್ನು ಸರಿಮಾಡುವ ದಾರಿಯಿರಲಿಲ್ಲ.

"ಕೈ ಸೋಲ್ತಾ ಇದೆ ಅಕ್ಕಾ. ಇನ್ನೆಷ್ಟು ಹೊತ್ತು?"

"ಇನ್ನೊಂದು ಕೈಯಲ್ಲಿ ಒತ್ತು," ಅಂದಳು.