ಸದ್ದಿಗೆ ತಿರುಗಿದ ಕೂಸು

ಹುಟ್ಟುವ ಮಕ್ಕಳಿಗೆ ಕಿವಿ ಕೇಳಿಸದೆ ಎಪ್ಪತ್ತು ವರ್ಷವಾಗಿತ್ತು. ಲೋಕದ ಮಾತೆಲ್ಲ ಬೆರಳ ಸನ್ನೆಗೆ ಇಳಿದಿತ್ತು. ಧಾರವಾಡದ ಕಿವಿ ವೈದ್ಯೆ ಅಂಬುಜಾಕ್ಷಿಯವರಂಥ ತೀರಾ ವಯಸ್ಸಾದ ಕೆಲವರಿಗಷ್ಟೇ ಇನ್ನೂ ಕೇಳಿಸುತ್ತಿತ್ತು. ಚಮಚ ಬಿದ್ದ ಸದ್ದಿಗೆ ಕೂಸೊಂದು ತಿರುಗಿದ್ದನ್ನು ಕಂಡು ಹಿಗ್ಗಿದ ಅವರು ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕಿದರು.

ಸಮಿತಿಯ ಅಧ್ಯಕ್ಷೆ ಅರ್ಜಿ ಓದಿ ಬೆರಳಲ್ಲೇ ಕೇಳಿದಳು: "ಕೇಳಿಸಿದರೂ ಆ ಕೂಸನ್ನು ಮಾತಾಡಿಸೋರು ಯಾರಿದ್ದಾರೆ ಡಾಕ್ಟರೇ?"

"ನಾನಿದ್ದೀನಲ್ಲ."

"ನಿಮಗೀಗ ಎಪ್ಪತ್ತೆಂಟು," ಎಂದು ಅಧ್ಯಕ್ಷೆ ಮೆಲ್ಲಗೆ ಕಡತ ಮುಚ್ಚಿದಳು.

ಅಂಬುಜಾಕ್ಷಿ ನೇರ ಕೂಸಿನ ಮನೆಗೆ ಹೋಗಿ, "ಶಾರ್ವರೀ" ಎಂದು ಕೂಗಿದರು. ಅದು ತಿರುಗಿ ಬಾಯ್ತುಂಬ ನಕ್ಕಿತು. ಇನ್ನೊಮ್ಮೆ ಕೂಗಲೆಂದು ಕಾಲು ಬಡಿಯಿತು. ಅವರು ಮತ್ತೆ ಕೂಗಲಿಲ್ಲ. ಅದರ ಬೆರಳು ಹಿಡಿದು, ಅಮ್ಮ ಎನ್ನುವ ಸನ್ನೆ ಕಲಿಸತೊಡಗಿದರು.