ಮಾಲ್ಟಾಕ್ಕೆ ಇಬ್ಬರ

"ಪೂರಾ ವಿಮಾನ ಬೇಕು ಕೌಶಿಕ. ಹೋಗಾವ್ರು ನಾವು ಇಬ್ಬರ. ನನ್ನ ತೂಕ ಎಂಬತ್ತೊಂದು ಅಂತ ಬರಕೋ. ಆಕಿದು ಐವತ್ತೆರಡು. ಮತ್ತ ಫೋನ್ ನನಗಷ್ಟ ಮಾಡು, ಮನ್ಯಾಗ ಗೊತ್ತಾಗಬಾರದು."

ಶ್ರೀಲೇಖಾ ಬಾಗಿಲ ಹಿಂದೆಯೇ ನಿಂತುಬಿಟ್ಟಳು. ಗಂಡ ಗುರುರಾಜ ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ಮಾತಾಡುತ್ತಿದ್ದ. ಕೌಶಿಕನೆಂದರೆ ಸೋಲಾಪುರದ ಅನುಕೂಲಸ್ಥರಿಗೆ ಬಾಡಿಗೆ ವಿಮಾನ ಗೊತ್ತುಮಾಡಿಕೊಡುವ ಏಜೆಂಟ್. ವಿಮಾನ ಸಣ್ಣದು, ತೂಕ ಕೇಳದೆ ಅವರು ಯಾರನ್ನೂ ಹತ್ತಿಸುವುದಿಲ್ಲ. ಗುರುರಾಜನ ಕಾರ್ಖಾನೆಯ ಟಾವೆಲ್ಲುಗಳು ಮಾಲ್ಟಾ ದ್ವೀಪದ ಹೋಟೆಲುಗಳಿಗೆ ಹೋಗುತ್ತಿದ್ದವು. ಈಗ ಟಾವೆಲ್ಲಿನ ಹಿಂದೆ ಯಜಮಾನನೂ ಹೊರಟಿದ್ದ. ಒಬ್ಬನೇ ಅಲ್ಲ.

ಐವತ್ತೆರಡು ಕಿಲೋ! ಶ್ರೀಲೇಖಾಳ ತೂಕ ಎಪ್ಪತ್ತಕ್ಕೆ ಒಂದೇ ಕಡಿಮೆ. ಮದುವೆಯ ದಿನವೂ ಅವಳು ಅಷ್ಟು ತೆಳ್ಳಗಿರಲಿಲ್ಲ.

"ಯಾರ ಫೋನ್‌ರೀ?" ಎಂದು ಹೊರಗೆ ಬಂದು ಕೇಳಿದಳು.

"ಕಾರ್ಖಾನಿದು," ಎಂದ ಗುರುರಾಜ. ಅವಳ ಮುಖ ಮಾತ್ರ ನೋಡಲಿಲ್ಲ.

ಅವನು ಸ್ನಾನಕ್ಕೆ ಹೋದದ್ದೇ ತಡ, ಅವಳು ಕಪಾಟು ಜಾಲಾಡಿದಳು. ಇಬ್ಬರ ಪಾಸ್‌ಪೋರ್ಟೂ ಇರಲಿಲ್ಲ. ಅವನದು ಹೋಗಲಿ, ತನ್ನದೇಕೆ ಮಾಯವಾಯಿತು? ಬೆನ್ನು ಹತ್ತಿ ಬಂದಾಳೆಂದು ಬಚ್ಚಿಟ್ಟಿದ್ದಾನೆ! ಹೋದ ವರ್ಷ ಮಾಲ್ಟಾಕ್ಕೆಂದು ಇಬ್ಬರೂ ಮುಂಬೈಗೆ ಹೋಗಿ ವೀಸಾ ಮಾಡಿಸಿಕೊಂಡು ಬಂದಿದ್ದರು. ಅಷ್ಟರಲ್ಲಿ ಅವಳ ಆಪರೇಷನ್ ಬಂದು ಎಲ್ಲ ನಿಂತುಹೋಯಿತು. "ಆ ನೀಲಿ ಸಮುದ್ರ ನನ್ನ ಹಣ್ಯಾಗ ಬರದಿಲ್ಲ ಬಿಡ್ರಿ" ಎಂದು ಆಸ್ಪತ್ರೆಯಲ್ಲಿ ಅತ್ತಾಗ ಇದೇ ಗುರುರಾಜ ರಾತ್ರಿಯಿಡೀ ಅವಳ ಕೈ ಹಿಡಿದು ಕುಳಿತಿದ್ದ. ಅವಳ ಸಮುದ್ರಕ್ಕೆ ಈಗ ಇನ್ನೊಬ್ಬಳು ಹೋಗುತ್ತಾಳೆ. ಶ್ರೀಲೇಖಾ ಕಾರಿನ ಕೀಲಿ ಎತ್ತಿಕೊಂಡು ಹೊರಗೆ ಹೋದಳು.

ಕಾರಿನ ಡಿಕ್ಕಿಯಲ್ಲಿ ಹೆಂಗಸರ ಹೊಸ ಕೋಟೊಂದು ಸಿಕ್ಕಿತು. ತೋಳು ತೂರಿಸಿದಳು. ಮೊಣಕೈ ದಾಟಲಿಲ್ಲ. ಹೊರಗೆ ಎಳೆದುಕೊಳ್ಳುವಷ್ಟರಲ್ಲಿ ಬೆವರೂ ಕಣ್ಣೀರೂ ಒಟ್ಟಿಗೇ ಇಳಿದವು.

ಯೋಗದ ಕ್ಲಾಸಿಗೆಂದು ಮನೆ ಬಿಟ್ಟು, ಎಂದಿನಂತೆ ಗೆಳತಿ ಕಸ್ತೂರಬಾಯಿಯ ಅಡುಗೆಮನೆ ಸೇರಿದಳು. ಕಸ್ತೂರಬಾಯಿ ಮೆಣಸಿನಕಾಯಿ ಭಜಿ ಕರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ನನಗ ಖರೇ ಅನಸವಲ್ದವಾ," ಎಂದಳು. "ನಿನ್ನ ಗಂಡ ಕಾರ್ಖಾನಿಗೆ ನೂಲು ಮಾರಾವ್ರು ಹೇಳಿದ ತೂಕಾನ ನಂಬಾಂವ. ಒಮ್ಮೆರ ತೂಗಿ ನೋಡ್ಯಾನೇನು? ಅಂಥಾಂವ ಸುಳ್ಳು ಹೇಳ್ತಾನಾ?"

"ಸುಳ್ಳು ಹೇಳಾವ್ರು ಮಾರಿ ಮ್ಯಾಲೆ ಬರಕೊಂಡು ತಿರಗತಾರೇನ್ರಿ?" ಎಂದು ಶ್ರೀಲೇಖಾ ಇನ್ನೊಂದು ಭಜಿ ಎತ್ತಿಕೊಂಡಳು.

ಶುಕ್ರವಾರ ಬೆಳಿಗ್ಗೆ ಗುರುರಾಜ ಹೊಸ ಅಂಗಿ ತೊಟ್ಟ. "ಕಾರ್ಖಾನಿಗೆ ಹೋಗಿ ಬರ್ತೀನಿ" ಎಂದು ಕಾರು ಹತ್ತಿದ. ಕಾರ್ಖಾನೆಗೆ ಹೊಸ ಅಂಗಿ! ಅತ್ತೆ ಸೀತಾಬಾಯಿ ಹಿಂದಿನ ದಿನವೇ ಅಕ್ಕಲಕೋಟೆಯ ಮಗಳ ಮನೆಗೆ ಹೋಗಿದ್ದಳು. ಮನೆಗೆ ಬೀಗ ಜಡಿದು ಶ್ರೀಲೇಖಾ ಸ್ಕೂಟಿಯಲ್ಲಿ ಕಾರಿನ ಬೆನ್ನು ಹತ್ತಿದಳು.

ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶ ಬಂತು. ಕಾರು ಕಾರ್ಖಾನೆಯ ಗೇಟಿನತ್ತ ತಿರುಗಲೇ ಇಲ್ಲ, ನೇರ ಅಕ್ಕಲಕೋಟೆಯ ಕಡೆ ಓಡಿತು. ಅವಳ ಕಣ್ಣು ಕಾರಿನ ಮೇಲೇ ಇದ್ದು ಸ್ಕೂಟಿ ಒಂದು ಲಾರಿಗೆ ತಾಗುವಂತಾಗಿ ತಪ್ಪಿತು. ಪರ್ಸಿನೊಳಗೆ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಬದಿಗೆ ನಿಲ್ಲಿಸಿ ನೋಡಿದರೆ ಅತ್ತೆ. ಅತ್ತೆಯೊಂದಿಗೆ ಹರಟುವ ಹೊತ್ತೇ ಇದು? ಫೋನ್ ಬಂದ್ ಮಾಡಿ ಒಳಗೆ ಹಾಕಿ ಮತ್ತೆ ಕಾರಿನ ಹಿಂದೆ ಹೊರಟಳು. ಅವಳ ತೀರ್ಮಾನ ಆಗಿತ್ತು. ಆ ಹೆಂಗಸು ಕಣ್ಣಿಗೆ ಬಿದ್ದರೆ ಸಾಕು, ಮಂಗಳಸೂತ್ರ ಬಿಚ್ಚಿ ಗಂಡನ ಕೈಗಿಟ್ಟು ಅಲ್ಲಿಂದಲೇ ತವರಿನ ಬಸ್ಸು ಹಿಡಿಯುವುದು.

ಕಾರು ನಿಂತದ್ದು ಅಕ್ಕಲಕೋಟೆಯ ಓಣಿಯೊಂದರಲ್ಲಿ, ಮನೆದೇವರ ಗುಡಿಯ ಮುಂದೆ. ಶ್ರೀಲೇಖಾ ಕಂಬದ ಮರೆಯಿಂದ ಇಣುಕಿದಳು. ಒಳಗೆ ದೊಡ್ಡ ತಕ್ಕಡಿ ತೂಗುಹಾಕಿದ್ದರು. ಒಂದು ತಟ್ಟೆಯ ತುಂಬ ಬೆಲ್ಲ. ಇನ್ನೊಂದರಲ್ಲಿ ಹೊಸ ಜಮಖಾನೆ ಹಾಸಿತ್ತು, ಅದು ಖಾಲಿಯಿತ್ತು. ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತವಳು ಸಾಕ್ಷಾತ್ ಅತ್ತೆ! ಮಗನ ಆಟದಲ್ಲಿ ತಾಯಿಯೂ ಸೇರಿದ್ದಾಳೆ!

"ಬೆಲ್ಲ ಐವತ್ತೆರಡು ಕಿಲೋ ಬರೋಬರ್ ಅದರಿ," ಎಂದರು ಪೂಜಾರಿ. "ತುಲಾಭಾರಕ್ಕ ಕೂಡಾಕಿ ಎಲ್ಲಿ?"

"ನನಗೂ ತೋರಸ್ರಿ ಆಕೀನ್ನ!" ಶ್ರೀಲೇಖಾ ಮಂಗಳಸೂತ್ರ ಬಿಗಿಹಿಡಿದು ಒಳಗೆ ನುಗ್ಗಿದಳು. "ಯಾರ್ರೀ ಆಕಿ, ಐವತ್ತೆರಡು ಕಿಲೋದಾಕಿ?"

ಗುರುರಾಜ ಬೆಚ್ಚಿಬಿದ್ದ. ಮರುಕ್ಷಣ ಅವನ ಮುಖ ಅರಳಿತು.

"ಅಯ್ಯ, ನಿನ್ನ ಇಲ್ಲಿಗೆ ಕರಸಬೇಕಂದ್ರ ಫೋನ್ ಎತ್ತವಲ್ಲಿ ಅಂತ ಅವ್ವ ಹೈರಾಣ ಆಗ್ಯಾಳ, ನೀನ ಬಂದಿ!" ಎಂದು ಅವಳ ಕೈ ಹಿಡಿದು ಖಾಲಿ ತಟ್ಟೆಯಲ್ಲಿ ಕೂರಿಸಿಯೇಬಿಟ್ಟ. "ನಿನ್ನ ಆಪರೇಷನ್ ಹೊತ್ನ್ಯಾಗ ಬೇಡಕೊಂಡಿದ್ದೆ. ಇವತ್ತ ಹರಕಿ ಮುಟ್ಟಸೂದು. ನಾಳಿ ನಾವಿಬ್ಬರೂ ವಿಮಾನ ಹತ್ತೂದು, ನಿನ್ನ ನೀಲಿ ಸಮುದ್ರಕ್ಕ."

ಶ್ರೀಲೇಖಾ ಬಾಯಿ ತೆರೆಯುವಷ್ಟರಲ್ಲಿ ಅವಳ ತಟ್ಟೆ ಧಡ್ಡನೆ ನೆಲಕ್ಕೆ ಕುಳಿತಿತು. ಬೆಲ್ಲದ ತಟ್ಟೆ ಮೇಲೆ ಹೋಗಿ ಅಲ್ಲೇ ನಿಂತಿತು. ಪೂಜಾರಿ ಕೆಮ್ಮಿದರು. ಸೀತಾಬಾಯಿಯ ಕೈಯಲ್ಲಿ ಆರತಿ ಉರಿಯುತ್ತಲೇ ಇತ್ತು.

"ಆವತ್ತೊಮ್ಮೆ ನೀನ ಹೇಳಿದ್ದಿ ಅಲ್ಲ," ಗುರುರಾಜ ಮೇಲೆ ತೂಗುತ್ತಿದ್ದ ಬೆಲ್ಲವನ್ನೇ ನೋಡುತ್ತ ಮೆಲ್ಲಗೆ ಕೇಳಿದ, "ದಿನಾ ಯೋಗದ ಕ್ಲಾಸಿಗೆ ಹೋಗಿ ಐವತ್ತೆರಡಕ್ಕ ಇಳದೀನಿ ಅಂತ?"